ಕ್ಯಾಮೆರಾ ಕೊಳ್ಳುವ ಮುನ್ನ: ಕಂಪನಿ ಅದನ್ನು ಯಾರಿಗಾಗಿ ಮಾಡಿದೆ ಎಂದು ತಿಳಿಯುವ ಬಗೆ

ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳಲ್ಲಿ ಹೊಸದಾಗಿ ಸ್ಟುಡಿಯೋ ತೆರೆಯುವವರು, ಮದುವೆ ಆರ್ಡರ್ ಹಿಡಿಯುವವರು, ಮಕ್ಕಳ ಫೋಟೋ ತೆಗೆಯಲೆಂದು ಮೊದಲ ಸಲ ಕ್ಯಾಮೆರಾ ಕೊಳ್ಳುವವರು ಎಲ್ಲರೂ ಅಂಗಡಿಯಲ್ಲಿ ಎದುರಿಸುವ ಮೊದಲ ಪ್ರಶ್ನೆ ‘ಬಜೆಟ್ ಎಷ್ಟು?’ ಎಂಬುದು. ಉತ್ತರ ಹೇಳಿದ ಕೂಡಲೇ ಆ ಮೊತ್ತಕ್ಕೆ ಹೊಂದುವ ಎರಡು ಮೂರು ಡಬ್ಬಿಗಳು ಗಾಜಿನ ಮೇಜಿನ ಮೇಲೆ ಬರುತ್ತವೆ, ಮೆಗಾಪಿಕ್ಸೆಲ್ ಎಷ್ಟು ಎಂಬ ಮಾತು ನಡೆಯುತ್ತದೆ, ವ್ಯಾಪಾರ ಮುಗಿಯುತ್ತದೆ. ಕೇಳಲೇಬೇಕಾದ ಪ್ರಶ್ನೆ ಬೇರೆಯದು. ಈ ಕ್ಯಾಮೆರಾವನ್ನು ಕಂಪನಿ ಯಾರ ಕೈಗೆಂದು ತಯಾರಿಸಿದೆ, ಮತ್ತು ಅವರಿಗೆ ಬೇಕಾಗಲಿಕ್ಕಿಲ್ಲ ಎಂದು ಅದರಿಂದ ಏನನ್ನು ತೆಗೆದುಹಾಕಿದೆ? ಇದಕ್ಕೆ ಉತ್ತರ ಡಬ್ಬಿಯ ಮೇಲೆ ಬರೆದಿರುವುದಿಲ್ಲ. ಅದನ್ನು ನಾವೇ ಹುಡುಕಿ ತೆಗೆಯಬೇಕು. ಹುಡುಕುವ ಕ್ರಮವನ್ನು ಇಲ್ಲಿ ವಿವರಿಸುತ್ತೇನೆ.

ಮೊದಲು ಒಂದು ಜೋಡಿಯನ್ನು ನೋಡೋಣ. ಕ್ಯಾನನ್ ಕಂಪನಿಯು 2022ರ ನವೆಂಬರ್‌ನಲ್ಲಿ ಆರ್6 ಮಾರ್ಕ್ 2 ಎಂಬ ಕ್ಯಾಮೆರಾವನ್ನೂ, ಮರುವರ್ಷದ ಆರಂಭದಲ್ಲಿ ಆರ್8 ಎಂಬುದನ್ನೂ ಪ್ರಕಟಿಸಿತು. ಎರಡರಲ್ಲೂ 24.2 ಮೆಗಾಪಿಕ್ಸೆಲ್‌ನ ಫುಲ್ ಫ್ರೇಮ್ ಸೆನ್ಸರ್ ಇದೆ, ಅಂದರೆ ಬೆಳಕನ್ನು ಚಿತ್ರವಾಗಿಸುವ ಭಾಗ ಹಳೆಯ 35 ಎಂಎಂ ಫಿಲ್ಮ್ ಚೌಕಟ್ಟಿನಷ್ಟು ದೊಡ್ಡದು. ಫೋಕಸ್ ಹಿಡಿಯುವ ವ್ಯವಸ್ಥೆಯೂ ಬಹುಮಟ್ಟಿಗೆ ಒಂದೇ. ಒಂದೇ ಲೆನ್ಸ್ ಹಾಕಿ, ಒಂದೇ ಬೆಳಕಿನಲ್ಲಿ ತೆಗೆದ ಎರಡು ಫೋಟೋಗಳನ್ನು ಆಲ್ಬಮ್‌ನಲ್ಲಿ ಅಕ್ಕಪಕ್ಕ ಇಟ್ಟರೆ ಯಾವುದು ಯಾವ ಕ್ಯಾಮೆರಾದ್ದು ಎಂದು ಗುರುತಿಸುವುದು ಅನುಭವಿಗಳಿಗೂ ಕಷ್ಟ. ಆದರೆ ಮಾರ್ಕ್ 2ರಲ್ಲಿ ಮೆಮೊರಿ ಕಾರ್ಡ್ ಹಾಕಲು ಎರಡು ಸ್ಲಾಟ್ ಇದ್ದರೆ ಆರ್8ರಲ್ಲಿ ಒಂದೇ. ಮಾರ್ಕ್ 2ರ ಬ್ಯಾಟರಿ 2,130 ಎಂಎಎಚ್‌ನದು, ಆರ್8ರದ್ದು 1,040 ಎಂಎಎಚ್‌ನದು, ಅಂದರೆ ಅರ್ಧಕ್ಕಿಂತ ಕಡಿಮೆ. ಕೈ ನಡುಗಿದರೂ ಚಿತ್ರ ಕದಲದಂತೆ ಸೆನ್ಸರನ್ನೇ ಸರಿದೂಗಿಸುವ ಏರ್ಪಾಡು ಮಾರ್ಕ್ 2ರ ಬಾಡಿಯಲ್ಲಿ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾದಲ್ಲಿ) ಇದೆ, ಆರ್8ರಲ್ಲಿ ಇಲ್ಲ. ಎರಡರ ಬೆಲೆಯ ಅಂತರ ಹುಟ್ಟಿರುವುದು ಚಿತ್ರದ ಗುಣಮಟ್ಟದಿಂದಲ್ಲ, ಇಂಥ ವಿಷಯಗಳಿಂದ. ಮನೆಯವರ ಫೋಟೋ ತೆಗೆಯುವವರಿಗೆ ಆರ್8 ಬಹಳ ಒಳ್ಳೆಯ ಕ್ಯಾಮೆರಾ. ಮದುವೆಯ ಆರ್ಡರ್‌ಗೆ ಅದೊಂದನ್ನೇ ನೆಚ್ಚಿಕೊಂಡು ಹೋಗಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಕಾರಣವನ್ನು ಮುಂದೆ ಹೇಳುತ್ತೇನೆ.

ಕಂಪನಿಗಳ ಲೆಕ್ಕಾಚಾರ

ಹೊಸ ಸೆನ್ಸರ್ ಒಂದನ್ನು ರೂಪಿಸುವ ಖರ್ಚು ದೊಡ್ಡದು. ದುಬಾರಿ ಕ್ಯಾಮೆರಾ ಕೊಳ್ಳುವ ವೃತ್ತಿಯವರ ಸಂಖ್ಯೆ ಚಿಕ್ಕದಾದ್ದರಿಂದ ಅದೇ ಸೆನ್ಸರನ್ನು ಕಡಿಮೆ ಬೆಲೆಯ ಬಾಡಿಯಲ್ಲೂ ಹಾಕಿ ಹೆಚ್ಚು ಜನರಿಗೆ ಮಾರಿದರೆ ಮಾತ್ರ ಹಾಕಿದ ಹಣ ಹಿಂದೆ ಬರುತ್ತದೆ. ಆದರೆ ಕಡಿಮೆ ಬೆಲೆಯ ಬಾಡಿ ತೀರಾ ಚೆನ್ನಾಗಿದ್ದರೆ ವೃತ್ತಿಯವರೂ ಅದನ್ನೇ ಕೊಂಡು, ದುಬಾರಿ ಬಾಡಿ ಗೋದಾಮಿನಲ್ಲಿ ಉಳಿಯುತ್ತದೆ. ಈ ಇಕ್ಕಟ್ಟಿನಿಂದ ಪಾರಾಗಲು ಕಂಪನಿಗಳು ಕಂಡುಕೊಂಡ ದಾರಿಯೆಂದರೆ, ಮನೆಬಳಕೆಯವರು ಗಮನಿಸದ, ಆದರೆ ಹೊಟ್ಟೆಪಾಡಿಗಾಗಿ ಫೋಟೋ ತೆಗೆಯುವವರು ಬಿಟ್ಟಿರಲಾಗದ ಸೌಲಭ್ಯಗಳನ್ನು ಆರಿಸಿ ಅಗ್ಗದ ಬಾಡಿಯಿಂದ ತೆಗೆಯುವುದು.

ಇದು ಇಂದು ನಿನ್ನೆಯದಲ್ಲ. 1888ರಲ್ಲಿ ಕೊಡಾಕ್ ಕ್ಯಾಮೆರಾವನ್ನು ತಂದ ಜಾರ್ಜ್ ಈಸ್ಟ್‌ಮನ್, 1900ರಲ್ಲಿ ಬ್ರೌನಿ ಎಂಬ ಕ್ಯಾಮೆರಾವನ್ನು ಒಂದು ಡಾಲರಿಗೆ ಮಾರಿದಾಗ ಲಾಭದ ಮೂಲವನ್ನು ಕ್ಯಾಮೆರಾದಲ್ಲಿ ಇಡದೆ ಫಿಲ್ಮ್‌ನಲ್ಲಿ ಇಟ್ಟಿದ್ದರು. ನಿಕಾನ್ 1959ರಲ್ಲಿ ತಂದ ‘ಎಫ್’ ಕ್ಯಾಮೆರಾ ಪತ್ರಿಕಾ ಛಾಯಾಗ್ರಾಹಕರ ಕೈಯಲ್ಲಿ ಹೆಸರು ಮಾಡಿತು. ಕ್ಯಾನನ್ 1971ರಲ್ಲಿ ವೃತ್ತಿಯವರಿಗಾಗಿ ಎಫ್-1 ಮಾಡಿ, 1976ರಲ್ಲಿ ಸಾಮಾನ್ಯ ಜನರಿಗಾಗಿ ಎಇ-1 ಮಾಡಿತು. ಹಣ ತಂದದ್ದು ಎರಡನೆಯದು.

ಡಿಜಿಟಲ್ ಕಾಲದ ಒಂದು ಪ್ರಸಂಗವನ್ನು ಕ್ಯಾಮೆರಾ ಕೊಳ್ಳುವ ಪ್ರತಿಯೊಬ್ಬರೂ ತಿಳಿದಿರಬೇಕು. 2003ರಲ್ಲಿ ಕ್ಯಾನನ್ ಅಮೆರಿಕದಲ್ಲಿ 1,499 ಡಾಲರ್ ಬೆಲೆಯ 10ಡಿ ಎಂಬ ಬಾಡಿಯನ್ನೂ, ಕೆಲವೇ ತಿಂಗಳ ಬಳಿಕ 899 ಡಾಲರ್ ಬೆಲೆಯ 300ಡಿ ಎಂಬುದನ್ನೂ ಬಿಡುಗಡೆ ಮಾಡಿತು. ಎರಡರಲ್ಲೂ ಇದ್ದದ್ದು 6.3 ಮೆಗಾಪಿಕ್ಸೆಲ್‌ನ ಅದೇ ಸೆನ್ಸರ್. ಸಾವಿರ ಡಾಲರಿನ ಒಳಗೆ ಲೆನ್ಸ್ ಬದಲಿಸಬಹುದಾದ ಡಿಜಿಟಲ್ ಕ್ಯಾಮೆರಾ ಬಂದದ್ದೇ ದೊಡ್ಡ ಸುದ್ದಿಯಾಗಿತ್ತು. ಆಮೇಲೆ ಕೆಲವು ಬಳಕೆದಾರರು 300ಡಿಯ ಒಳಗಿನ ತಂತ್ರಾಂಶವನ್ನು ತಿದ್ದಿ ಹಾಕಿದಾಗ, ಅದರಲ್ಲಿ ಇಲ್ಲವೆಂದುಕೊಂಡಿದ್ದ ಹಲವು ಸೌಲಭ್ಯಗಳು ತೆರೆದುಕೊಂಡವು. ಯಂತ್ರಕ್ಕೆ ಆ ಶಕ್ತಿ ಇತ್ತು. ಮಾರುಕಟ್ಟೆಯನ್ನು ಎರಡು ಭಾಗ ಮಾಡಲೆಂದು ಅದನ್ನು ಮುಚ್ಚಿಡಲಾಗಿತ್ತು. ಇದನ್ನು ನಾನು ಮೋಸವೆಂದು ಕರೆಯುವುದಿಲ್ಲ. ಆ ವಿಭಜನೆಯಿಂದಲೇ ಲಕ್ಷಾಂತರ ಜನರಿಗೆ ಕಡಿಮೆ ಬೆಲೆಗೆ ಒಳ್ಳೆಯ ಕ್ಯಾಮೆರಾ ಸಿಕ್ಕಿದೆ. ಆದರೆ ಮುಚ್ಚಿಟ್ಟದ್ದು ಏನೆಂದು ತಿಳಿಯದೆ ಹಣ ಕೊಡಬಾರದು.

ಬಳಿಕ ಮೊಬೈಲ್ ಬಂದು ಈ ಲೆಕ್ಕವನ್ನೇ ಬದಲಿಸಿತು. ಜಪಾನಿನ ಕ್ಯಾಮೆರಾ ತಯಾರಕರ ಸಂಘದ ಅಂಕಿಗಳ ಪ್ರಕಾರ 2010ರಲ್ಲಿ ಜಗತ್ತಿಗೆ ಸುಮಾರು 12 ಕೋಟಿ ಡಿಜಿಟಲ್ ಕ್ಯಾಮೆರಾಗಳು ಸರಬರಾಜಾಗಿದ್ದವು; 2020ರ ಹೊತ್ತಿಗೆ ಆ ಸಂಖ್ಯೆ 90 ಲಕ್ಷಕ್ಕಿಂತ ಕೆಳಗೆ ಇಳಿದಿತ್ತು. ಜೇಬಿನಲ್ಲಿ ಹಿಡಿಯುವ ಚಿಕ್ಕ ಕ್ಯಾಮೆರಾಗಳ ಮಾರುಕಟ್ಟೆ ಬಹುಪಾಲು ಮಾಯವಾಯಿತು. ಸ್ಯಾಮ್‌ಸಂಗ್ ಕ್ಯಾಮೆರಾ ವ್ಯಾಪಾರವನ್ನೇ ಬಿಟ್ಟಿತು, ನಿಕಾನ್ ತನ್ನ ‘ನಿಕಾನ್ 1’ ಸರಣಿಯನ್ನು 2018ರಲ್ಲಿ ನಿಲ್ಲಿಸಿತು, ಒಲಿಂಪಸ್ ತನ್ನ ಕ್ಯಾಮೆರಾ ವಿಭಾಗವನ್ನು ಮಾರಿ 2021ರ ಆರಂಭದಿಂದ ಅದು ಬೇರೆ ಕಂಪನಿಯಾಯಿತು. ಉಳಿದವರು ಹೆಚ್ಚು ಬೆಲೆಯ, ಹೆಚ್ಚು ಲಾಭದ ಕ್ಯಾಮೆರಾಗಳತ್ತ ಸರಿದರು. ನಮ್ಮ ಭಾಗದ ಎಷ್ಟೋ ಮಂದಿ ಕಲಿಯಲು ಆರಿಸಿಕೊಳ್ಳುತ್ತಿದ್ದ ನಿಕಾನ್ ಡಿ3500, ಡಿ5600 ತಯಾರಿಕೆ ನಿಂತಿರುವುದಕ್ಕೂ, ಅವುಗಳ ಬೆಲೆಗೆ ಸಮನಾದ ಹೊಸ ಮಿರರ್‌ಲೆಸ್ (ಒಳಗೆ ಕನ್ನಡಿಯಿಲ್ಲದ) ಬಾಡಿ ಸುಲಭಕ್ಕೆ ಸಿಗದಿರುವುದಕ್ಕೂ ಇದೇ ಕಾರಣ.

ಒಂದು ಕಂಪನಿಯ ಆಯ್ಕೆ ಇನ್ನೊಂದನ್ನು ಹೇಗೆ ಅಲುಗಾಡಿಸುತ್ತದೆ ಎಂಬುದಕ್ಕೆ 2018ನೇ ವರ್ಷ ಒಳ್ಳೆಯ ಉದಾಹರಣೆ. ಕ್ಯಾನನ್ ಮತ್ತು ನಿಕಾನ್‌ಗಳಿಗೆ ದುಬಾರಿ ಬಾಡಿಗಳ ಹಳೆಯ ವ್ಯಾಪಾರವನ್ನು ಕಾಪಾಡಿಕೊಳ್ಳಬೇಕಿತ್ತು. ವೃತ್ತಿಯವರ ನಡುವೆ ಆಗಿನ್ನೂ ಬೇರೂರುತ್ತಿದ್ದ ಸೋನಿಗೆ ಕಳೆದುಕೊಳ್ಳಲು ಅಷ್ಟಿರಲಿಲ್ಲ. ಆ ವರ್ಷ ಸೋನಿ ತಂದ ಎ7 ಸರಣಿಯ ಮೂರನೇ ಮಾದರಿಯಲ್ಲಿ ಎರಡು ಕಾರ್ಡ್ ಸ್ಲಾಟ್, ದೊಡ್ಡ ಬ್ಯಾಟರಿ, ಕಣ್ಣನ್ನೇ ಹಿಡಿಯುವ ಫೋಕಸ್ ಎಲ್ಲವೂ ಇದ್ದವು. ಅದೇ ವರ್ಷದ ಕ್ಯಾನನ್ ಇಒಎಸ್ ಆರ್ ಮತ್ತು ನಿಕಾನ್ ಝಡ್6ಗಳಲ್ಲಿ ಕಾರ್ಡ್ ಸ್ಲಾಟ್ ಒಂದೊಂದೇ. ಎರಡು ವರ್ಷಗಳ ಬಳಿಕ ಬಂದ ಕ್ಯಾನನ್ ಆರ್6ರಲ್ಲೂ, ನಿಕಾನ್ ಝಡ್6ರ ಎರಡನೇ ಮಾದರಿಯಲ್ಲೂ ಸ್ಲಾಟ್ ಎರಡಾದವು. ಕೊಳ್ಳುವವರಿಗೆ ಇದರಲ್ಲಿ ಒಂದು ಉಪಯುಕ್ತ ಸೂಚನೆಯಿದೆ: ಮೇಲಿನ ಹಂತದಲ್ಲಿ ಕಾಪಾಡಬೇಕಾದ ಮಾಲು ಕಡಿಮೆಯಿರುವ ಕಂಪನಿಯು ಮಧ್ಯಮ ಬೆಲೆಯ ಬಾಡಿಯಲ್ಲಿ ಕೈ ಬಿಚ್ಚಿ ಕೊಡುತ್ತದೆ. ಫ್ಯೂಜಿಫಿಲ್ಮ್ ಇನ್ನೊಂದು ದಾರಿ ಹಿಡಿದಿದೆ. ಅದು ಫುಲ್ ಫ್ರೇಮ್ ಅನ್ನು ಪೂರ್ತಿ ಬಿಟ್ಟು, ಚಿಕ್ಕ ಸೆನ್ಸರ್‌ನ ಎಕ್ಸ್ ಸರಣಿಯನ್ನೂ, ಅದಕ್ಕಿಂತ ಬಹಳ ದೊಡ್ಡ ಸೆನ್ಸರ್‌ನ ಜಿಎಫ್‌ಎಕ್ಸ್ ಸರಣಿಯನ್ನೂ ಮಾತ್ರ ಮಾಡುತ್ತದೆ.

ತೆಗೆದುಹಾಕಿದ್ದನ್ನು ಹುಡುಕುವುದು

ಅಂಗಡಿಗೆ ಹೋಗುವ ಮೊದಲೇ ಕಂಪನಿಯ ಜಾಲತಾಣದಲ್ಲಿ ನೀವು ಆರಿಸಿದ ಬಾಡಿಯ ವಿವರಪಟ್ಟಿಯನ್ನೂ, ಅದೇ ಕಂಪನಿಯ ಅದಕ್ಕಿಂತ ಒಂದು ಮೆಟ್ಟಿಲು ಮೇಲಿನ ಬಾಡಿಯ ಪಟ್ಟಿಯನ್ನೂ ಪಕ್ಕಪಕ್ಕದಲ್ಲಿ ಇಟ್ಟುಕೊಳ್ಳಿ. ಎರಡರಲ್ಲೂ ಒಂದೇ ಇರುವ ಸಾಲುಗಳನ್ನು ಹೊಡೆದುಹಾಕುತ್ತ ಬಂದರೆ ಕೊನೆಗೆ ಹತ್ತು ಹನ್ನೆರಡು ಸಾಲುಗಳು ಉಳಿಯುತ್ತವೆ. ನೀವು ಓದಬೇಕಾದ ಪಟ್ಟಿ ಅದು. ಜಾಹೀರಾತು ಇರುವುದನ್ನು ಹೇಳುತ್ತದೆ, ಇಲ್ಲದ್ದನ್ನು ಹೇಳುವುದು ಈ ಹೋಲಿಕೆ ಮಾತ್ರ.

ಆ ಸಾಲುಗಳಲ್ಲಿ ಮೊದಲು ನೋಡಬೇಕಾದದ್ದು ಕಾರ್ಡ್ ಸ್ಲಾಟ್. ಅಕ್ಕಿಕಾಳು ಬೀಳುವ ಹೊತ್ತು ಒಂದೇ ಸಲ ಬರುತ್ತದೆ. ನಿಕಾಹ್‌ನಲ್ಲಿ ಕಬೂಲ್ ಹೇಳುವ ಕ್ಷಣವೂ ಅಷ್ಟೇ. ಮೆಮೊರಿ ಕಾರ್ಡ್ ಯಾವ ಮುನ್ಸೂಚನೆಯನ್ನೂ ಕೊಡದೆ ಕೆಡುತ್ತದೆ. ಕೆಟ್ಟ ಕಾರ್ಡಿನ ಚಿತ್ರಗಳನ್ನು ಮರಳಿ ಪಡೆಯಲು ಕೆಲವೊಮ್ಮೆ ಆಗುತ್ತದೆ, ಕೆಲವೊಮ್ಮೆ ಆಗುವುದಿಲ್ಲ, ಆಗದಿದ್ದಾಗ ಹುಡುಗಿಯ ಮನೆಯವರಿಗೆ ಕೊಡಲು ನಮ್ಮ ಬಳಿ ಯಾವ ಉತ್ತರವೂ ಇರುವುದಿಲ್ಲ. ಎರಡು ಸ್ಲಾಟ್‌ಗಳ ಬಾಡಿಯಲ್ಲಿ ಪ್ರತಿ ಫೋಟೋ ಎರಡೂ ಕಾರ್ಡ್‌ಗಳಿಗೆ ಏಕಕಾಲಕ್ಕೆ ಬರೆಯಲ್ಪಡುವಂತೆ ಮಾಡಬಹುದು. ಆದರೆ ಇಲ್ಲೊಂದು ಎಚ್ಚರ ಬೇಕು: ಹಲವು ಕ್ಯಾಮೆರಾಗಳು ಹೊಸದಾಗಿ ಡಬ್ಬಿಯಿಂದ ಬಂದಾಗ, ಮೊದಲ ಕಾರ್ಡ್ ತುಂಬಿದ ಮೇಲೆ ಎರಡನೆಯದಕ್ಕೆ ಬರೆಯುವ ಕ್ರಮದಲ್ಲೋ, ಒಂದೇ ಕಾರ್ಡಿಗೆ ಬರೆಯುವ ಕ್ರಮದಲ್ಲೋ ಇರುತ್ತವೆ. ಮೆನುವಿಗೆ ಹೋಗಿ ಬ್ಯಾಕಪ್ ಕ್ರಮವನ್ನು ನೀವೇ ಆರಿಸಬೇಕು. ಆರಿಸಿದ ಮೇಲೆ ಹತ್ತು ಫೋಟೋ ತೆಗೆದು, ಎರಡೂ ಕಾರ್ಡ್‌ಗಳನ್ನು ಕಂಪ್ಯೂಟರಿಗೆ ಹಾಕಿ ನೋಡಬೇಕು.

ಮಾದರಿ ಹೊಸದಾದಷ್ಟೂ ಸೌಲಭ್ಯ ಹೆಚ್ಚು ಎಂದು ನಂಬಬಾರದು. 2015ರ ನಿಕಾನ್ ಡಿ7200ರಲ್ಲಿ ಎರಡು ಕಾರ್ಡ್ ಸ್ಲಾಟ್ ಇದ್ದವು. 2017ರಲ್ಲಿ ಅದರ ಮುಂದಿನದಾಗಿ ಬಂದ ಡಿ7500ಗೆ, ಹಿಂದಿನ ವರ್ಷವಷ್ಟೇ ಬಂದಿದ್ದ ದುಬಾರಿ ಡಿ500ರ 20.9 ಮೆಗಾಪಿಕ್ಸೆಲ್ ಸೆನ್ಸರನ್ನು ಕೊಟ್ಟು ಸ್ಲಾಟನ್ನು ಒಂದಕ್ಕೆ ಇಳಿಸಲಾಯಿತು. ಇದಕ್ಕೆ ವಿರುದ್ಧವಾದ ಉದಾಹರಣೆಯೂ ಇದೆ. 2020ರ ನಿಕಾನ್ ಝಡ್5 ಫುಲ್ ಫ್ರೇಮ್‌ನ ಮೊದಲ ಮೆಟ್ಟಿಲಿನ ಕ್ಯಾಮೆರಾ. ಆದರೂ ಅದರಲ್ಲಿ ಎರಡು ಸ್ಲಾಟ್, ಅಲುಗಾಟ ತಡೆಯುವ ಸೆನ್ಸರ್, ಮೇಲಿನ ಬಾಡಿಗಳದ್ದೇ ಬ್ಯಾಟರಿ ಇವೆ. ಕತ್ತರಿ ಬಿದ್ದಿರುವುದು ವೇಗಕ್ಕೆ ಮತ್ತು ವಿಡಿಯೋಗೆ: ಸೆಕೆಂಡಿಗೆ 4.5 ಫೋಟೋ ಮಾತ್ರ, 4ಕೆ ವಿಡಿಯೋ ತೆಗೆಯುವಾಗ ದೃಶ್ಯ 1.7 ಪಟ್ಟು ಕತ್ತರಿಸಿಕೊಂಡು ಕಿರಿದಾಗುತ್ತದೆ. ವಿಡಿಯೋಗೆ ಬೇರೆ ಜನ, ಬೇರೆ ಕ್ಯಾಮೆರಾ ಇಟ್ಟುಕೊಂಡು, ಫೋಟೋ ಮಾತ್ರ ನೋಡಿಕೊಳ್ಳುವ ಸ್ಟುಡಿಯೋಗೆ ಆ ಕೊರತೆ ತಟ್ಟುವುದೇ ಇಲ್ಲ. ಕಡಿಮೆ ಹಣದಲ್ಲಿ ಮದುವೆ ಕೆಲಸ ಆರಂಭಿಸುವವರಿಗೆ ನಾನು ಮೊದಲು ತೋರಿಸುವುದು ಇಂಥ ಬಾಡಿಗಳನ್ನೇ.

ಎರಡನೆಯದು ಫ್ಲ್ಯಾಶ್ ಕೂರಿಸುವ ಜಾಗ. ಬಾಡಿಯ ನೆತ್ತಿಯ ಮೇಲಿರುವ ಆ ಲೋಹದ ಕಾಲುವೆಯನ್ನು ಕಣ್ಣ ಹತ್ತಿರ ತಂದು ನೋಡಿ. ಹಿಂದಿನಿಂದಲೂ ಬಹುತೇಕ ಕಂಪನಿಗಳಲ್ಲಿ ಅದರ ನಡುಮಧ್ಯೆ ಒಂದು ದುಂಡನೆಯ ಲೋಹದ ಬಿಂದು ಇರುತ್ತಿತ್ತು. ಆ ಬಿಂದುವಿನ ಮೂಲಕವೇ ಯಾವ ಕಂಪನಿಯ ಫ್ಲ್ಯಾಶ್ ಆದರೂ, ಸ್ಟುಡಿಯೋ ಲೈಟಿನ ಯಾವ ಅಗ್ಗದ ಟ್ರಿಗರ್ (ದೂರದ ಲೈಟಿಗೆ ಸಂಕೇತ ಕೊಡುವ ಸಾಧನ) ಆದರೂ ಉರಿಯುತ್ತಿತ್ತು. ಕ್ಯಾನನ್ 2019ರಲ್ಲಿ ತಂದು ಭಾರತದಲ್ಲಿ 200ಡಿ ಮಾರ್ಕ್ 2 ಎಂದು ಮಾರಿದ ಕ್ಯಾಮೆರಾದಲ್ಲಿ ಆ ನಡುವಿನ ಬಿಂದು ಇಲ್ಲ, ಚಿಕ್ಕ ಬಿಂದುಗಳು ಮಾತ್ರ ಇವೆ. ಕ್ಯಾನನ್‌ನ ಫ್ಲ್ಯಾಶ್‌ಗಳು ಅವುಗಳ ಮೂಲಕ ಕೆಲಸ ಮಾಡುತ್ತವೆ. ಒಂದೇ ಪಿನ್ನಿನ ಸಾದಾ ಟ್ರಿಗರ್ ಕೆಲಸ ಮಾಡುವುದಿಲ್ಲ. ಮಕ್ಕಳ ಹುಟ್ಟುಹಬ್ಬಕ್ಕೆ ಕೊಂಡವರಿಗೆ ಇದು ಗೊತ್ತೇ ಆಗುವುದಿಲ್ಲ. ಪಾಸ್‌ಪೋರ್ಟ್ ಫೋಟೋಗೆಂದು ಎರಡು ಛತ್ರಿ ಲೈಟ್ ಹಾಕಿ ಕುಳಿತ ಸ್ಟುಡಿಯೋದವರಿಗೆ ಮೊದಲ ದಿನವೇ ಗೊತ್ತಾಗುತ್ತದೆ. ಆದ್ದರಿಂದ ನಿಮ್ಮಲ್ಲಿ ಈಗಾಗಲೇ ಇರುವ ಟ್ರಿಗರನ್ನು ಜೇಬಿನಲ್ಲಿ ಹಾಕಿಕೊಂಡೇ ಅಂಗಡಿಗೆ ಹೋಗಿ, ಕೊಳ್ಳಬೇಕೆಂದಿರುವ ಬಾಡಿಯ ಮೇಲೆ ಸಿಕ್ಕಿಸಿ ಉರಿಸಿ ನೋಡಿ.

ಮೂರನೆಯದು ಬಿಸಿ. ನಮ್ಮ ಭಾಗದವರು ಇದನ್ನು ಬೇರೆ ಊರಿನವರಿಗಿಂತ ಹೆಚ್ಚು ಗಮನಿಸಬೇಕು. ಬಹುಪಾಲು ಕ್ಯಾಮೆರಾಗಳ ವಿವರಪಟ್ಟಿಯ ಕೊನೆಯಲ್ಲಿ ಕೆಲಸದ ಉಷ್ಣಾಂಶ 0ಯಿಂದ 40 ಡಿಗ್ರಿ ಸೆಲ್ಸಿಯಸ್ ಎಂದು ಬರೆದಿರುತ್ತದೆ. ಕಲಬುರಗಿಯಲ್ಲಿ ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ನೆರಳಿನಲ್ಲೇ ಆ ಗಡಿ ದಾಟುತ್ತದೆ, ಮದುವೆಗಳ ಸುಗ್ಗಿಯೂ ಅದೇ ಹೊತ್ತಿಗೆ. ತಗಡಿನ ಶೆಡ್ಡಿನ ಕೆಳಗೆ ವಿಡಿಯೋ ಲೈಟುಗಳ ನಡುವೆ ನಿಂತ ಕ್ಯಾಮೆರಾ ಇನ್ನೂ ಹೆಚ್ಚಿನ ಬಿಸಿ ಕಾಣುತ್ತದೆ. ಫೋಟೋ ತೆಗೆಯುವಾಗ ಇದರಿಂದ ಅಷ್ಟಾಗಿ ತೊಂದರೆಯಿಲ್ಲ. 4ಕೆ ವಿಡಿಯೋ ಬಿಡದೆ ತೆಗೆಯುವಾಗ ಬಾಡಿ ಕಾದು ತಾನೇ ಬಂದ್ ಆಗುತ್ತದೆ. 2020ರಲ್ಲಿ ಕ್ಯಾನನ್ ಆರ್5ನಂಥ ದುಬಾರಿ ಕ್ಯಾಮೆರಾ ಕೂಡ ಇದೇ ವಿಷಯಕ್ಕೆ ಟೀಕೆ ಎದುರಿಸಿತು. ಒಂದು ಬಾಡಿಯನ್ನು ದೀರ್ಘ ವಿಡಿಯೋಗೆಂದೇ ಮಾಡಿದ್ದಾರೆಯೇ ಎಂದು ತಿಳಿಯಲು ಒಳಗೆ ಫ್ಯಾನ್ ಇದೆಯೇ ಎಂದು ನೋಡಿ. ಸೋನಿಯ ಎ7ಎಸ್ ಸರಣಿಯ ಮೂರನೇ ಮಾದರಿ ಮತ್ತು ಎಫ್‌ಎಕ್ಸ್3 ಎರಡಕ್ಕೂ ಸೆನ್ಸರ್ ಒಂದೇ ಆದರೂ ಫ್ಯಾನ್ ಇರುವುದು ಎರಡನೆಯದರಲ್ಲಿ ಮಾತ್ರ. ಹಳೆಯ ಡಿಎಸ್‌ಎಲ್‌ಆರ್ (ಒಳಗೆ ಕನ್ನಡಿಯಿರುವ ಕ್ಯಾಮೆರಾ) ಕೊಳ್ಳುವವರು ಇನ್ನೊಂದನ್ನು ವಿಚಾರಿಸಬೇಕು: ಅವುಗಳಲ್ಲಿ ಅನೇಕವು 29 ನಿಮಿಷ 59 ಸೆಕೆಂಡಿಗೆ ವಿಡಿಯೋವನ್ನು ತಾವೇ ನಿಲ್ಲಿಸುತ್ತವೆ. ಅರ್ಧ ಗಂಟೆ ಮೀರಿ ಚಿತ್ರಿಸುವ ಯಂತ್ರವನ್ನು ವಿಡಿಯೋ ಕ್ಯಾಮೆರಾ ಎಂದು ಪರಿಗಣಿಸಿ ಹೆಚ್ಚು ಸುಂಕ ಹಾಕುತ್ತಿದ್ದ ಯುರೋಪಿನ ನಿಯಮದಿಂದ ಬಂದ ಮಿತಿ ಅದು.

ಧೂಳಿನ ವಿಷಯ ಚಿಕ್ಕದಾಗಿ ಹೇಳಬಹುದು. ಎರೆಹೊಲದ ಬದಿಯಲ್ಲಿ ಓಡಾಡುವ, ಶರಣಬಸವೇಶ್ವರ ಜಾತ್ರೆಯ ತೇರಿನ ಮುಂದೆ ನಿಲ್ಲುವ, ಸಂಕ್ರಾಂತಿಗೆ ಯಾದಗಿರಿಯ ಮೈಲಾಪುರದಲ್ಲಿ ಭಂಡಾರ ಎರಚುವುದನ್ನು ಚಿತ್ರಿಸುವ ಕ್ಯಾಮೆರಾಕ್ಕೆ ಸಂದುಗಳಲ್ಲಿ ರಬ್ಬರಿನ ತಡೆ ಇರಬೇಕು. ಬಾಡಿಯಲ್ಲಿ ತಡೆ ಇದ್ದು ಲೆನ್ಸಿನಲ್ಲಿ ಇಲ್ಲದಿದ್ದರೆ ಪ್ರಯೋಜನವಿಲ್ಲ. ಜೂಮ್ ತಿರುಗಿಸಿದಾಗ ಉದ್ದವಾಗುವ ಅಗ್ಗದ ಲೆನ್ಸ್ ಹೊರಗಿನ ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತದೆ, ಅದರೊಂದಿಗೆ ಅರಿಶಿಣದ ಪುಡಿಯೂ ಒಳಗೆ ಹೋಗುತ್ತದೆ. ಲೆನ್ಸಿನ ಹಿಂದಿನ ಲೋಹದ ಬಳೆಯ ಸುತ್ತ ತೆಳುವಾದ ರಬ್ಬರ್ ಪಟ್ಟಿ ಇದೆಯೇ ಎಂದು ಬೆರಳಾಡಿಸಿ ನೋಡುವುದು ಸುಲಭದ ಪರೀಕ್ಷೆ.

ಶಟರ್‌ನ (ಪ್ರತಿ ಫೋಟೋಗೂ ತೆರೆದು ಮುಚ್ಚುವ ಪರದೆಯ) ಆಯುಷ್ಯವೂ ಇದೇ ಪಟ್ಟಿಯಲ್ಲಿ ಸೇರುತ್ತದೆ. ನಿಕಾನ್ ಡಿ7500ರ ಶಟರನ್ನು 1.5 ಲಕ್ಷ, ಡಿ850ರದ್ದನ್ನು 2 ಲಕ್ಷ, ಡಿ6ರದ್ದನ್ನು 4 ಲಕ್ಷ ಸಲ ಬಡಿಯುವಂತೆ ಪರೀಕ್ಷಿಸಲಾಗಿದೆ. ಒಂದು ಮದುವೆಗೆ 3,000 ಫೋಟೋ, ವರ್ಷಕ್ಕೆ 30 ಮದುವೆ ಎಂದು ಹಿಡಿದರೆ ವರ್ಷಕ್ಕೆ 90,000 ಆಗುತ್ತದೆ. ಮೊದಲನೆಯದು ಎರಡನೇ ವರ್ಷವೇ ತನ್ನ ಲೆಕ್ಕವನ್ನು ಮುಟ್ಟುತ್ತದೆ. ಮನೆಬಳಕೆಯವರಿಗೆ ಅಷ್ಟೇ ಲೆಕ್ಕ ಜೀವಮಾನಕ್ಕೆ ಸಾಕು.

ಯಾವ ಕೆಲಸಕ್ಕೆ ಎಷ್ಟು ಬೇಕು

ಇಷ್ಟನ್ನು ಓದಿ ಎಲ್ಲರೂ ಮೇಲಿನ ಹಂತದ ಬಾಡಿಯನ್ನೇ ಕೊಳ್ಳಬೇಕೆಂದು ಭಾವಿಸಬಾರದು. ವೃತ್ತಿಯ ಹೆಸರಿನಲ್ಲಿ ಬೇಡದ್ದಕ್ಕೆ ಹಣ ಸುರಿಯುವುದೂ ಅಷ್ಟೇ ದೊಡ್ಡ ನಷ್ಟ. ಬೀದರ್‌ನ ಬಿದ್ರಿ ಕುಶಲಕರ್ಮಿಗಳನ್ನು ತೆಗೆದುಕೊಳ್ಳಿ. ತಮ್ಮ ಹೂಜಿ, ತಟ್ಟೆ, ಪೆಟ್ಟಿಗೆಗಳ ಫೋಟೋ ತೆಗೆದು ಆನ್‌ಲೈನ್‌ನಲ್ಲಿ ಮಾರಬೇಕೆನ್ನುವ ಅವರ ಕೆಲಸ ಹಣ ತರುವ ಕೆಲಸವೇ ಹೌದು, ಆದರೆ ಅದಕ್ಕೆ ಮನೆಬಳಕೆಯ ಬಾಡಿ ಧಾರಾಳವಾಗಿ ಸಾಕು. ವಸ್ತು ಅಲುಗಾಡುವುದಿಲ್ಲ, ಆದ್ದರಿಂದ ವೇಗದ ಫೋಕಸ್ ಬೇಡ. ಫೋಟೋ ಹಾಳಾದರೆ ಇನ್ನೊಂದು ತೆಗೆಯಬಹುದು, ಆದ್ದರಿಂದ ಎರಡನೇ ಸ್ಲಾಟ್ ಬೇಡ. ಕ್ಯಾಮೆರಾ ಸ್ಟ್ಯಾಂಡಿನ ಮೇಲಿರುತ್ತದೆ, ಆದ್ದರಿಂದ ಅಲುಗಾಟ ತಡೆಯೂ ಬೇಡ.

ಅಲ್ಲಿ ಬೇಕಾದದ್ದು ಬೆಳಕಿನ ಜ್ಞಾನ. ಸತು ಮತ್ತು ತಾಮ್ರದ ಮಿಶ್ರಲೋಹದ ಮೈಯನ್ನು ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರದಿಂದ ಕಪ್ಪಾಗಿಸಿದಾಗ ಅದು ಬೆಳಕನ್ನು ನುಂಗುತ್ತದೆ. ಕೂರಿಸಿದ ಬೆಳ್ಳಿ ಎಳೆಗಳು ಅದೇ ಬೆಳಕನ್ನು ಕಣ್ಣು ಕುಕ್ಕುವಂತೆ ಹಿಂದಿರುಗಿಸುತ್ತವೆ. ಕ್ಯಾಮೆರಾ ತಾನೇ ಅಳತೆ ಮಾಡಲು ಬಿಟ್ಟರೆ ಕಪ್ಪನ್ನು ಕಂಡು ಚಿತ್ರವನ್ನು ಬೆಳ್ಳಗಾಗಿಸಿ, ಕಪ್ಪು ಬೂದಿಯಾಗಿ, ಬೆಳ್ಳಿಯ ಕೆತ್ತನೆ ಸುಟ್ಟುಹೋಗುತ್ತದೆ. ಎಕ್ಸ್‌ಪೋಶರ್ ಅನ್ನು ಒಂದು ಸ್ಟಾಪ್ ಕೆಳಗಿಳಿಸಿ (ಅಂದರೆ ಬೆಳಕನ್ನು ಅರ್ಧ ಮಾಡಿ), ಬೆಳಕಿಗೆ ಸ್ಪಂದಿಸುವ ಮಟ್ಟವಾದ ಐಎಸ್‌ಒವನ್ನು 100ರಲ್ಲಿಟ್ಟು, ಅಪರ್ಚರನ್ನು (ಲೆನ್ಸಿನ ಬೆಳಕಿನ ಕಿಂಡಿಯನ್ನು; ಎಫ್ ಸಂಖ್ಯೆ ಹೆಚ್ಚಿದಷ್ಟೂ ಕಿಂಡಿ ಕಿರಿದು) ಎಫ್/8 ಅಥವಾ ಎಫ್/11 ಮಾಡಿ, ಎರಡು ಸೆಕೆಂಡಿನ ಟೈಮರ್ ಹಾಕಿ, ರಾ ಕಡತದಲ್ಲಿ (ಕ್ಯಾಮೆರಾ ತಿದ್ದದ ಮೂಲ ಕಡತದಲ್ಲಿ) ತೆಗೆಯಬೇಕು. ಕಿಟಕಿಗೆ ಬಿಳಿ ಬಟ್ಟೆ ಕಟ್ಟಿ ಬೆಳಕನ್ನು ಮೆದುಗೊಳಿಸಿದರೆ ಬೆಳ್ಳಿಯಲ್ಲಿ ಆ ಬಿಳಿಯೇ ಹರಡಿ ಕಾಣುತ್ತದೆ, ಎಳೆ ಎಳೆಯೂ ಬಿಡಿಸಿಕೊಂಡು ನಿಲ್ಲುತ್ತದೆ. ಇಲ್ಲಿ ದುಬಾರಿ ಬಾಡಿಯ ಮೇಲೆ ಹಾಕುವ ಹಣವನ್ನು ತೀರಾ ಹತ್ತಿರದಿಂದ ಚಿತ್ರ ತೆಗೆಯುವ ಒಂದು ಮ್ಯಾಕ್ರೋ ಲೆನ್ಸಿಗೆ, ಗಟ್ಟಿಯಾದ ಸ್ಟ್ಯಾಂಡಿಗೆ ಹಾಕುವುದು ಸರಿ.

ಸ್ಮಾರಕಗಳ ಚಿತ್ರ ತೆಗೆಯುವವರ ಅಗತ್ಯ ಇವೆರಡರ ನಡುವಿನದು. ಕಲಬುರಗಿ ಕೋಟೆಯೊಳಗಿನ ಜಾಮಾ ಮಸೀದಿಯ ಕಮಾನುಗಳ ಸಾಲಿನಲ್ಲಿ ಬೆಳಕು ಕಡಿಮೆ. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಸ್ಟ್ಯಾಂಡ್ ಬಳಸಲು ಅನುಮತಿ ಬೇಕಾಗುತ್ತದೆ. ಕೈಯಲ್ಲೇ ಹಿಡಿದು ತೆಗೆಯುವವರಿಗೆ ಅಲುಗಾಟ ತಡೆಯುವ ಬಾಡಿ ನಿಜವಾಗಿ ನೆರವಾಗುತ್ತದೆ. ಎರಡು ಸ್ಲಾಟ್ ಇಲ್ಲದಿದ್ದರೂ ನಡೆಯುತ್ತದೆ.

ಲೆನ್ಸ್ ಮತ್ತು ಮೌಂಟ್

ಬಾಡಿ ನಾಲ್ಕೈದು ವರ್ಷಕ್ಕೆ ಬದಲಾಗುತ್ತದೆ, ಲೆನ್ಸ್ ಹದಿನೈದು ವರ್ಷ ಜೊತೆಗಿರುತ್ತದೆ. ಮನೆಬಳಕೆಯ ಬಾಡಿಯೊಂದಿಗೆ ಬರುವ ಕಿಟ್ ಲೆನ್ಸ್ ಜೂಮ್ ಮಾಡಿದಂತೆ ಎಫ್/5.6ಕ್ಕೋ ಅದಕ್ಕಿಂತ ಕಿರಿದಾದ ಕಿಂಡಿಗೋ ಇಳಿಯುತ್ತದೆ. ಎಫ್/2.8ರ ಲೆನ್ಸ್ ಎಫ್/5.6ಕ್ಕೆ ಹೋಲಿಸಿದರೆ ನಾಲ್ಕು ಪಟ್ಟು ಬೆಳಕನ್ನು ಒಳಗೆ ಬಿಡುತ್ತದೆ. ಫುಲ್ ಫ್ರೇಮ್ ಸೆನ್ಸರ್‌ನ ವಿಸ್ತೀರ್ಣವು ನಿಕಾನ್, ಸೋನಿಗಳ ಕ್ರಾಪ್ (ಫುಲ್ ಫ್ರೇಮ್‌ಗಿಂತ ಚಿಕ್ಕ) ಸೆನ್ಸರ್‌ಗಿಂತ ಸುಮಾರು 2.3 ಪಟ್ಟು ಮಾತ್ರ ಹೆಚ್ಚು. ಆದ್ದರಿಂದ ಕಿಟ್ ಲೆನ್ಸ್ ಹಾಕಿದ ಫುಲ್ ಫ್ರೇಮ್ ಬಾಡಿಗಿಂತ ಒಳ್ಳೆಯ ಲೆನ್ಸ್ ಹಾಕಿದ ಕ್ರಾಪ್ ಬಾಡಿ ರಾತ್ರಿಯ ಮಂಟಪದಲ್ಲಿ ಉತ್ತಮ ಚಿತ್ರ ಕೊಡುತ್ತದೆ. ಒಟ್ಟು ಹಣದಲ್ಲಿ ಅರ್ಧವನ್ನಾದರೂ ಲೆನ್ಸ್ ಮತ್ತು ಫ್ಲ್ಯಾಶ್‌ಗೆ ಎತ್ತಿಡದೆ ಬಾಡಿಯ ಬೆಲೆ ಕೇಳಲೇಬಾರದು.

ಮೌಂಟ್ (ಬಾಡಿಯಲ್ಲಿ ಲೆನ್ಸ್ ಕೂರುವ ಬಾಯಿ) ವಿಷಯದಲ್ಲೂ ಕಂಪನಿಯ ಮಾರುಕಟ್ಟೆ ನೀತಿಯೇ ನಿಮ್ಮ ಖರ್ಚನ್ನು ನಿರ್ಧರಿಸುತ್ತದೆ. ಸೋನಿ ತನ್ನ ಇ-ಮೌಂಟ್‌ನ ಮೂಲ ವಿವರಗಳನ್ನು 2011ರಲ್ಲೇ ಬೇರೆ ತಯಾರಕರಿಗೆ ತೆರೆದಿಟ್ಟಿದ್ದರಿಂದ ಸಿಗ್ಮಾ, ಟ್ಯಾಮ್ರಾನ್ ಮುಂತಾದವರ ಮಧ್ಯಮ ಬೆಲೆಯ ಲೆನ್ಸ್‌ಗಳು ಅದಕ್ಕೆ ಹೇರಳವಾಗಿ ಸಿಗುತ್ತವೆ. ಕ್ಯಾನನ್ ತನ್ನ ಆರ್‌ಎಫ್ ಮೌಂಟನ್ನು ಬಿಗಿಯಾಗಿ ಹಿಡಿದಿಟ್ಟಿತ್ತು. 2024ರಲ್ಲಿ ಸಿಗ್ಮಾ, ಟ್ಯಾಮ್ರಾನ್‌ಗಳಿಗೆ ಅವಕಾಶ ಕೊಟ್ಟಾಗಲೂ ಆರಂಭಿಸಿದ್ದು ಕ್ರಾಪ್ ಸೆನ್ಸರ್‌ನ ಆಟೋಫೋಕಸ್ ಲೆನ್ಸ್‌ಗಳಿಂದ. ನಿಮ್ಮಲ್ಲಿ ಹಳೆಯ ಕ್ಯಾನನ್ ಇಎಫ್ ಲೆನ್ಸ್‌ಗಳಿದ್ದರೆ ಅಡಾಪ್ಟರ್ ಹಾಕಿ ಅವನ್ನೇ ಹೊಸ ಬಾಡಿಯಲ್ಲಿ ಬಳಸಬಹುದು, ಅದು ಚೆನ್ನಾಗಿಯೇ ನಡೆಯುತ್ತದೆ. ಎಲ್ಲವನ್ನೂ ಹೊಸದಾಗಿ ಕೊಳ್ಳುವವರು ಮಾತ್ರ, ಮುಂದಿನ ಮೂರು ವರ್ಷಗಳಲ್ಲಿ ತಮಗೆ ಬೇಕಾಗುವ ಲೆನ್ಸ್‌ಗಳ ಬೆಲೆಯನ್ನು ಮೊದಲೇ ಕೂಡಿಸಿ ನೋಡಿ ಕಂಪನಿಯನ್ನು ಆರಿಸಬೇಕು.

ಅಂಗಡಿಯಲ್ಲಿ ಮತ್ತು ಆಮೇಲೆ

ನಮ್ಮ ಮೂರು ಜಿಲ್ಲೆಗಳವರು ಕಲಬುರಗಿಯಲ್ಲಿ ವಿಚಾರಿಸಿ, ಕೊನೆಗೆ ಹೈದರಾಬಾದಿನ ಕೋಠಿಯ ಗುಜರಾತಿ ಗಲ್ಲಿಗೆ ಹೋಗಿ ಕೊಳ್ಳುವುದು ರೂಢಿ. ಎಲ್ಲಿ ಕೊಂಡರೂ ಸರಿ, ಬಾಡಿಯ ಅಡಿಯಲ್ಲಿರುವ ಸೀರಿಯಲ್ ನಂಬರ್, ಡಬ್ಬಿಯ ಮೇಲಿನದು, ಬಿಲ್ಲಿನ ಮೇಲಿನದು ಮೂರೂ ಒಂದೇ ಇವೆಯೇ ಎಂದು ಓದಿ ನೋಡಬೇಕು. ಬಿಲ್ ಇಲ್ಲದೆ ಕಡಿಮೆ ಬೆಲೆಗೆ ಕೊಡುವ ಹೊರದೇಶದ ಮಾಲಿಗೆ ಭಾರತದ ವಾರಂಟಿ ಇರುವುದಿಲ್ಲ. ಕ್ಯಾಮೆರಾ ಮೇಲಿನ ಜಿಎಸ್‌ಟಿ ಶೇ 18. ನಿಮ್ಮ ಸ್ಟುಡಿಯೋ ಜಿಎಸ್‌ಟಿ ನೋಂದಣಿ ಹೊಂದಿದ್ದು, ಬಿಲ್ಲಿನ ಮೇಲೆ ಆ ಸಂಖ್ಯೆಯನ್ನು ಬರೆಸಿಕೊಂಡರೆ, ಕಟ್ಟಿದ ತೆರಿಗೆಯನ್ನು ಹೂಡುವಳಿ ತೆರಿಗೆ ಜಮೆಯಾಗಿ (ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್) ನೀವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಹೊಂದಿಸಿಕೊಳ್ಳಬಹುದು. ಬಿಲ್ ಇಲ್ಲದ ಮಾಲಿನಲ್ಲಿ ಉಳಿಯಿತೆಂದುಕೊಂಡ ಹಣ ಬಹುಮಟ್ಟಿಗೆ ಇಲ್ಲೇ ಹಿಂದೆ ಬಂದಿರುತ್ತದೆ.

ಕ್ಯಾನನ್, ನಿಕಾನ್ ಮುಂತಾದ ಕಂಪನಿಗಳು ವೃತ್ತಿಯವರಿಗೆಂದು ಪ್ರತ್ಯೇಕ ಸೇವಾ ಯೋಜನೆಗಳನ್ನು ನಡೆಸುತ್ತವೆ. ನಿಗದಿತ ಮಟ್ಟದ ಬಾಡಿ, ಲೆನ್ಸ್ ಇದ್ದವರಿಗೆ ರಿಪೇರಿಯಲ್ಲಿ ಆದ್ಯತೆ ಸಿಗುತ್ತದೆ. ನಮ್ಮ ಊರುಗಳಿಂದ ಸರ್ವಿಸ್ ಸೆಂಟರ್ ದೂರವಿರುವುದರಿಂದ, ಯಾವ ಬಾಡಿ ಆ ಪಟ್ಟಿಯಲ್ಲಿದೆ ಎಂದು ಕೊಳ್ಳುವ ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು.

ಸೆಕೆಂಡ್ ಹ್ಯಾಂಡ್ ಬಾಡಿಯಾದರೆ ಶಟರ್ ಕೌಂಟ್ (ಶಟರ್ ಇದುವರೆಗೆ ಎಷ್ಟು ಸಲ ಬಡಿದಿದೆ ಎಂಬ ಸಂಖ್ಯೆ) ನೋಡದೆ ಮಾತು ಮುಗಿಸಬೇಡಿ. ನಿಕಾನ್‌ನಲ್ಲಿ ಒಂದು ಫೋಟೋ ತೆಗೆದು ಅದರ ಎಕ್ಸಿಫ್ ಮಾಹಿತಿಯನ್ನು (ಕ್ಯಾಮೆರಾ ಫೋಟೋ ಕಡತದೊಳಗೆ ಬರೆದಿಡುವ ವಿವರಗಳನ್ನು) ತೆರೆದರೆ ಆ ಸಂಖ್ಯೆ ಸಿಗುತ್ತದೆ. ಕ್ಯಾನನ್‌ನ ಹೆಚ್ಚಿನ ಬಾಡಿಗಳಲ್ಲಿ ಕಂಪ್ಯೂಟರಿಗೆ ಕೇಬಲ್ ಹಾಕಿ ಬೇರೆ ತಂತ್ರಾಂಶದಿಂದ ಓದಬೇಕಾಗುತ್ತದೆ, ಆದ್ದರಿಂದ ಮಾರುವವರ ಮಾತನ್ನೇ ನಂಬದೆ ಲ್ಯಾಪ್‌ಟಾಪ್ ಜೊತೆಗೆ ಒಯ್ಯಬೇಕು. ಬಿಳಿ ಗೋಡೆಗೆ ಎಫ್/16ರಲ್ಲಿ ಒಂದು ಫೋಟೋ ತೆಗೆದು ದೊಡ್ಡದು ಮಾಡಿ ನೋಡಿದರೆ ಸೆನ್ಸರ್ ಮೇಲಿನ ಧೂಳು, ಗೀರು ಕಾಣುತ್ತವೆ.

ಮನೆಗೆ ತಂದ ಮೇಲೆ ಮೊದಲ ವಾರದಲ್ಲೇ ಮಧ್ಯಾಹ್ನದ ಹೊತ್ತಿನಲ್ಲಿ, ಫ್ಯಾನ್ ಇಲ್ಲದ ಕೋಣೆಯಲ್ಲಿ, ನೀವು ಮದುವೆಯಲ್ಲಿ ಬಳಸುವ ಸೆಟ್ಟಿಂಗ್‌ನಲ್ಲೇ ವಿಡಿಯೋ ಹಚ್ಚಿಟ್ಟು, ಬಿಸಿಗೋ ಬ್ಯಾಟರಿ ಮುಗಿದೋ ಅದು ಎಷ್ಟನೇ ನಿಮಿಷಕ್ಕೆ ನಿಲ್ಲುತ್ತದೆ ಎಂದು ಬರೆದಿಟ್ಟುಕೊಳ್ಳಿ. ಆ ನಿಮಿಷಗಳ ಲೆಕ್ಕದ ಮೇಲೆಯೇ ಎಷ್ಟು ಹೆಚ್ಚುವರಿ ಬ್ಯಾಟರಿ ಬೇಕು, ಮುಖ್ಯ ಶಾಸ್ತ್ರಕ್ಕೆ ಮುಂಚೆ ಎಷ್ಟು ಹೊತ್ತು ಕ್ಯಾಮೆರಾ ಬಂದ್ ಮಾಡಿ ತಣಿಸಬೇಕು ಎಂಬುದನ್ನು ತೀರ್ಮಾನಿಸಿ. ಹೊಸ ಬಾಡಿಯೊಂದಿಗೆ ಹೋಗುವ ಮೊದಲ ಎರಡು ಮೂರು ಆರ್ಡರ್‌ಗಳಿಗೆ ಹಳೆಯ ಕ್ಯಾಮೆರಾವನ್ನೂ ಚಾರ್ಜ್ ಮಾಡಿ, ಕಾರ್ಡ್ ಹಾಕಿ, ಬ್ಯಾಗಿನಲ್ಲಿ ಇಟ್ಟುಕೊಂಡೇ ಹೊರಡಿ.